ಯಾವ ಸಂಕಟಕ್ಕೆ ಯಾವ ಕೈಕೆಲಸ

ಮನಸ್ಸಿಗೆ ಒತ್ತಡವಾದಾಗ ಏನಾದರೂ ಹವ್ಯಾಸ ಇಟ್ಟುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಯಾವುದು, ಎಷ್ಟು ಹೊತ್ತು, ಹೇಗೆ ಎಂದು ಹೇಳುವವರು ಕಡಿಮೆ. ಹೀಗಾಗಿ ಕೇಳಿದವರು ಅಂಗಡಿಗೆ ಹೋಗಿ, ಕಣ್ಣಿಗೆ ಚೆಂದ ಕಂಡ ಕಸೂತಿಯ ದೊಡ್ಡ ಪೆಟ್ಟಿಗೆಯನ್ನೇ ಕೊಂಡು ತರುತ್ತಾರೆ. ಹೂಗೊಂಚಲು, ಹಕ್ಕಿ, ಮೂವತ್ತು ಬಣ್ಣದ ದಾರ. ಒಂದೆರಡು ಎಲೆ ಮುಗಿಯುವಷ್ಟರಲ್ಲಿ ಕೈ ಸೋಲುತ್ತದೆ, ಪೆಟ್ಟಿಗೆ ಅಟ್ಟ ಸೇರುತ್ತದೆ. ಮೊದಲೇ ದಣಿದಿದ್ದ ಮನಸ್ಸಿಗೆ ‘ಇದೂ ನನ್ನಿಂದ ಆಗಲಿಲ್ಲ’ ಎಂಬ ಇನ್ನೊಂದು ಭಾರ ಸೇರಿಕೊಳ್ಳುತ್ತದೆ.

ನಾನು ಕರಕುಶಲ ಶಿಕ್ಷಕಿ. ಬಹಳ ವರ್ಷ ಮಕ್ಕಳಿಗೆ ಕಲಿಸಿದೆ, ಈಗ ಹೆಚ್ಚಾಗಿ ದೊಡ್ಡವರಿಗೆ ಕಲಿಸುತ್ತೇನೆ. ನಿದ್ದೆ ಬಾರದವರು, ಹತ್ತಿರದವರನ್ನು ಕಳೆದುಕೊಂಡವರು, ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆ ಮಾಡುತ್ತಾ ತಾವೇ ಬಸವಳಿದವರು, ಕಚೇರಿಯ ಕೆಲಸ ಮುಗಿದ ಮೇಲೂ ಕಚೇರಿಯನ್ನು ತಲೆಯಲ್ಲೇ ಹೊತ್ತು ತಿರುಗುವವರು ನನ್ನ ಬಳಿ ಬರುತ್ತಾರೆ. ಅವರೊಂದಿಗೆ ಕುಳಿತು ನಾನು ಕಂಡುಕೊಂಡದ್ದು ಇಷ್ಟು: ತಯಾರಾಗುವ ವಸ್ತುವಿನ ಚೆಂದ ನೋಡಿ ಕೈಕೆಲಸವನ್ನು ಆರಿಸಬಾರದು, ಈ ಹೊತ್ತು ಮನಸ್ಸು ಯಾವ ಸ್ಥಿತಿಯಲ್ಲಿದೆ ಎಂದು ನೋಡಿ ಆರಿಸಬೇಕು. ಗಾಬರಿಗೆ ಒದಗುವ ಕೆಲಸ ದುಃಖಕ್ಕೆ ಒದಗುವುದಿಲ್ಲ. ಸಿಟ್ಟಿನಲ್ಲಿ ಮಾಡಬಹುದಾದದ್ದನ್ನು ಸುಸ್ತಿನಲ್ಲಿ ಮಾಡಲಾಗದು. ಈ ಬರಹ ಆ ಆಯ್ಕೆಯ ಬಗ್ಗೆ.

‘ನನಗೆ ಕಲೆ ಬರುವುದಿಲ್ಲ’ ಎನ್ನುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ವಯಸ್ಕರಿಗೆ ಜೇಡಿಮಣ್ಣು, ಬಣ್ಣದ ಪೆನ್ನು, ಕತ್ತರಿಸಿ ಅಂಟಿಸಿ ಚಿತ್ರ ಮಾಡುವ ಕೊಲಾಜ್ ಸಾಮಗ್ರಿ ಕೊಟ್ಟು 45 ನಿಮಿಷ ಬೇಕಾದದ್ದನ್ನು ಮಾಡಲು ಬಿಟ್ಟರು. ಮುಂಚೆ ಮತ್ತು ಆಮೇಲೆ ಎಂಜಲಿನ ಮಾದರಿ ತೆಗೆದು, ಒತ್ತಡದ ಸಮಯದಲ್ಲಿ ಏರುವ ಕಾರ್ಟಿಸಾಲ್ ಹಾರ್ಮೋನನ್ನು ಅಳೆದರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಚಿಕ್ಕ ಅಧ್ಯಯನ, ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ, ಆದ್ದರಿಂದ ಅದರ ಮೇಲೆ ದೊಡ್ಡ ಗೋಪುರ ಕಟ್ಟುವುದು ಬೇಡ. ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು ವಿಷಯ: ಮೊದಲೇ ಅನುಭವ ಇದ್ದವರಿಗೂ ಇಲ್ಲದವರಿಗೂ ಅಲ್ಲಿ ವ್ಯತ್ಯಾಸ ಕಾಣಲಿಲ್ಲ. ನಾನು ಕಣ್ಣಾರೆ ಕಂಡಿರುವುದೂ ಅದನ್ನೇ. ಸಮಾಧಾನ ಸಿಗಲು ಕೈ ಪಳಗಿರಬೇಕಾಗಿಲ್ಲ.

ಮೊದಲು ದೇಹವನ್ನು ಕೇಳಿ

ನಿಮಗೆ ಏನಾಗುತ್ತಿದೆ ಎಂದು ಯಾರಾದರೂ ಕೇಳಿದರೆ ‘ಟೆನ್ಷನ್’ ಎಂಬ ಒಂದೇ ಉತ್ತರ ಬರುತ್ತದೆ. ಆ ಉತ್ತರ ನನ್ನ ಕೆಲಸಕ್ಕೆ ಸಾಲದು. ಹಾಗಾಗಿ ಮನಸ್ಸನ್ನು ಬಿಟ್ಟು ದೇಹವನ್ನು ವಿಚಾರಿಸುತ್ತೇನೆ. ಎದೆ ಬಡಿತ ಜೋರಾಗಿ, ಕೈ ಸುಮ್ಮನಿರದೆ ಏನಾದರೂ ಹುಡುಕುತ್ತಿದೆಯೇ? ಅದು ಗಾಬರಿ. ದವಡೆ ಬಿಗಿದು, ಮುಷ್ಟಿ ಕಟ್ಟಿಕೊಂಡು, ಹೆಗಲು ಕಿವಿಯ ಹತ್ತಿರ ಏರಿದೆಯೇ? ಒಳಗೆ ಸಿಟ್ಟು ಕುಳಿತಿದೆ. ಕೈಕಾಲು ಎತ್ತಲಾಗದಷ್ಟು ಭಾರವೆನಿಸಿ, ಸಣ್ಣ ತೀರ್ಮಾನವೂ ಬೆಟ್ಟವಾಗಿ ಕಾಣುತ್ತಿದೆಯೇ? ದಣಿವು. ಗಂಟಲು ಕಟ್ಟಿ, ಮನೆಯ ಒಂದು ವಸ್ತುವನ್ನೋ ಒಂದು ಮೂಲೆಯನ್ನೋ ನೋಡಲಾಗದೆ ಮುಖ ತಿರುಗಿಸುತ್ತಿದ್ದೀರಾ? ದುಃಖ. ಇವು ಒಂದರೊಳಗೊಂದು ಬೆರೆತೇ ಇರುತ್ತವೆ. ಈ ಹೊತ್ತಿಗೆ ಯಾವುದು ಮೇಲಿದೆಯೋ ಅದನ್ನು ಹಿಡಿದು ಆರಂಭಿಸಿ, ನಾಳೆ ಬದಲಾದರೆ ಕೆಲಸವನ್ನೂ ಬದಲಾಯಿಸಿ.

ಗಾಬರಿಗೆ: ಒಂದೇ ಚಲನೆ, ಒಂದೇ ಎಣಿಕೆ

ಓಡುವ ಯೋಚನೆಗೆ ಬೇಕಾದದ್ದು ಮತ್ತೆ ಮತ್ತೆ ಬರುವ, ಮೊದಲೇ ಗೊತ್ತಿರುವ ಚಲನೆ. ಹೆಣಿಗೆ, ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ಮಾಡುವ ಕ್ರೋಶೆ, ಜಡೆಯಂತೆ ಹೆಣೆಯುವ ಯಾವುದೇ ಕೆಲಸ ಆದೀತು. ನಾನು ಕ್ರೋಶೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದರಲ್ಲಿ ಯಾವ ಕ್ಷಣದಲ್ಲೂ ಕಡ್ಡಿಯ ಮೇಲಿರುವುದು ಹೆಚ್ಚಾಗಿ ಒಂದೇ ಕುಣಿಕೆ. ಕೈ ಜಾರಿದರೆ ಬಿಚ್ಚಿಕೊಳ್ಳುವುದು ಒಂದೆರಡು ಹೊಲಿಗೆ ಮಾತ್ರ. ಹೆಣಿಗೆಯಲ್ಲಿ ಇಡೀ ಸಾಲೇ ಕಡ್ಡಿಯ ಮೇಲಿರುತ್ತದೆ, ಹೊಸಬರ ಕೈಯಿಂದ ಒಂದು ಕುಣಿಕೆ ಜಾರಿ ಕೆಳಗಿಳಿದರೆ ಗಾಬರಿ ಇನ್ನೂ ಏರುತ್ತದೆ.

5 ಮಿ.ಮೀ. ದಪ್ಪದ ಕ್ರೋಶೆ ಕಡ್ಡಿ, ಮಧ್ಯಮ ದಪ್ಪದ ಒಂದು ಉಂಡೆ ದಾರ ಸಾಕು. ದಾರ ತಿಳಿ ಬಣ್ಣದ್ದಿರಲಿ. ಕಪ್ಪು ಅಥವಾ ಗಾಢ ನೀಲಿ ದಾರದಲ್ಲಿ ಕುಣಿಕೆ ಎಲ್ಲಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಜೂಲು ಜೂಲಾದ, ಮಿನುಗುವ ದಾರವೂ ಬೇಡ, ಕೊಕ್ಕೆಗೆ ಸಿಕ್ಕಿಹಾಕಿಕೊಂಡು ಕಾಡುತ್ತದೆ.

ದಾರದ ತುದಿಯಿಂದ ಒಂದು ಗೇಣು ಬಿಟ್ಟು ಜಾರುಗಂಟು ಹಾಕಿ. ಕಡ್ಡಿಯನ್ನು ಅದರೊಳಗೆ ತೂರಿಸಿ, ಗಂಟನ್ನು ಹಗುರವಾಗಿ ಎಳೆಯಿರಿ. ಉಂಡೆಯ ಕಡೆಯ ದಾರವನ್ನು ಎಡಗೈಯ ಕಿರುಬೆರಳಿಗೆ ಒಂದು ಸುತ್ತು ಸುತ್ತಿ, ತೋರುಬೆರಳಿನ ಮೇಲೆ ಹಾಯಿಸಿ. ಎಡಗೈಯವರು ಇದನ್ನೆಲ್ಲ ತಿರುಗಿಸಿ ಓದಿಕೊಳ್ಳಬೇಕು. ಈಗ ಕಡ್ಡಿಯನ್ನು ದಾರದ ಅಡಿಯಿಂದ ತಂದು, ಕೊಕ್ಕೆಯಲ್ಲಿ ದಾರ ಹಿಡಿದು, ಕುಣಿಕೆಯೊಳಗಿಂದ ಈಚೆ ಎಳೆಯಿರಿ. ಒಂದು ಸರಪಳಿಯಾಯಿತು. ಹೀಗೆ ಇಪ್ಪತ್ತು ಹಾಕಿ.

ಹಾಕಿದ್ದನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ನನಗೆ ತುಂಬ ಪ್ರಿಯವಾದ ಗಳಿಗೆ ಇದು. ಮೊದಲ ಏಳೆಂಟು ಕುಣಿಕೆಗಳು ಸಾಮಾನ್ಯವಾಗಿ ಎಷ್ಟು ಬಿಗಿಯಾಗಿರುತ್ತವೆ ಎಂದರೆ ಕಡ್ಡಿಯ ತುದಿಯೂ ಒಳಗೆ ಹೋಗುವುದಿಲ್ಲ. ನಡುವೆ ಎಲ್ಲೋ ಅವು ಸಡಿಲವಾಗುತ್ತವೆ. ಕೊನೆಯ ನಾಲ್ಕೈದು ಒಂದೇ ಅಳತೆಗೆ ಬಂದಿರುತ್ತವೆ. ಆ ಪುಟ್ಟ ಸರಪಳಿಸಾಲಿನಲ್ಲಿ ಕಳೆದ ಹತ್ತು ನಿಮಿಷದ ನಿಮ್ಮ ಉಸಿರು, ಹೆಗಲು, ಹೆಬ್ಬೆರಳ ಬಿಗಿತ ಎಲ್ಲವೂ ದಾಖಲಾಗಿದೆ. ಬಿಗಿಯಾದ ಹೊಲಿಗೆಯನ್ನು ತಪ್ಪೆಂದು ತಿಳಿಯಬೇಡಿ. ‘ಈಗ ಬಿಗಿದುಕೊಂಡಿದ್ದೇನೆ’ ಎಂದು ಕೈ ನಿಮಗೆ ತಿಳಿಸುತ್ತಿದೆ ಅಷ್ಟೆ. ಉಸಿರು ನಿಧಾನವಾಗಿ ಬಿಟ್ಟು, ಹೆಗಲು ಇಳಿಸಿ, ಮುಂದಿನದನ್ನು ಹಾಕಿ. ಎಷ್ಟು ಮಾಡಿದರೂ ಬಿಗಿಯಾಗಿಯೇ ಬರುತ್ತಿದ್ದರೆ 6 ಮಿ.ಮೀ. ಕಡ್ಡಿಗೆ ಹೋಗಿ.

ಇಪ್ಪತ್ತು ಸರಪಳಿ ಆದ ಮೇಲೆ ಕಡ್ಡಿ ತೆಗೆದು ಉಂಡೆಯ ಕಡೆಯ ದಾರ ಎಳೆಯಿರಿ, ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಮತ್ತೆ ಹಾಕಿ, ಮತ್ತೆ ಬಿಚ್ಚಿ. ಮೊದಲ ದಿನ ಇಷ್ಟೇ. ಮಾಡಿದ್ದನ್ನು ಬಿಚ್ಚಿದರೆ ಏನೂ ಕೆಡುವುದಿಲ್ಲ ಎಂದು ಬೆರಳಿಗೆ ಗೊತ್ತಾಗಬೇಕು. ಎಲ್ಲವನ್ನೂ ಮೊದಲ ಸಲವೇ ಸರಿಯಾಗಿ ಮಾಡಬೇಕೆಂಬ ಹಟವೇ ಎಷ್ಟೋ ಜನರ ಗಾಬರಿಯ ಬೇರು. ಅವರಿಗೆ ನಾನು ಕೊಡುವ ಮೊದಲ ಪಾಠ ಈ ಬಿಚ್ಚುವಿಕೆ.

ಎರಡನೆಯ ದಿನದಿಂದ ಚೌಕ ಹಾಕಿ. ಇಪ್ಪತ್ತೊಂದು ಸರಪಳಿ ಹಾಕಿ, ಕಡ್ಡಿಯಿಂದ ಎರಡನೆಯ ಸರಪಳಿಯಿಂದ ಆರಂಭಿಸಿ ಪ್ರತಿಯೊಂದರಲ್ಲೂ ಒಂದು ಸಿಂಗಲ್ ಕ್ರೋಶೆ: ಕೊಕ್ಕೆಯನ್ನು ತೂರಿಸಿ ದಾರ ಎಳೆದರೆ ಕಡ್ಡಿಯ ಮೇಲೆ ಎರಡು ಕುಣಿಕೆ, ಮತ್ತೊಮ್ಮೆ ದಾರ ಹಿಡಿದು ಎರಡರೊಳಗಿಂದಲೂ ಎಳೆದರೆ ಒಂದು. ಸಾಲಿಗೆ ಇಪ್ಪತ್ತು. ಒಂದು ಸರಪಳಿ ಹಾಕಿ ತಿರುಗಿ, ಮತ್ತೆ ಇಪ್ಪತ್ತು. ಪ್ರತಿ ಸಾಲನ್ನೂ ಒಳಗೇ ಎಣಿಸುತ್ತಾ ಹೋಗಿ. ಎಣಿಸುತ್ತಿರುವ ಮನಸ್ಸಿಗೆ ಅದೇ ಹೊತ್ತಿನಲ್ಲಿ ನಾಳಿನ ಸಭೆಯ ಮಾತುಗಳನ್ನು ಜೋಡಿಸುವುದು ಕಷ್ಟ, ಎರಡಕ್ಕೂ ಬೇಕಾದದ್ದು ತಲೆಯೊಳಗಿನ ಅದೇ ದನಿ. ಯೋಚನೆ ಎಲ್ಲೋ ಹೊರಟುಹೋಗಿದ್ದರೆ ಸಾಲಿನ ಕೊನೆಯಲ್ಲಿ ಹತ್ತೊಂಬತ್ತು ಬರುತ್ತದೆ. ಆಗ ಬಿಚ್ಚಬೇಕಾಗಿಲ್ಲ. ಮುಂದಿನ ಸಾಲಿನಲ್ಲಿ ಒಂದೇ ತೂತಿನಲ್ಲಿ ಎರಡು ಹೊಲಿಗೆ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಹೆಚ್ಚಿನವರು ಕಳೆದುಕೊಳ್ಳುವುದು ಸಾಲಿನ ಕೊನೆಯ ಹೊಲಿಗೆಯನ್ನು, ಹಾಗಾದಾಗ ಚೌಕ ಮೆಲ್ಲಗೆ ತ್ರಿಕೋನವಾಗತೊಡಗುತ್ತದೆ. ಪ್ರತಿ ಸಾಲಿನ ಮೊದಲ ಹೊಲಿಗೆಗೆ ಬೇರೆ ಬಣ್ಣದ ದಾರದ ತುಣುಕೊಂದನ್ನು ಸಿಕ್ಕಿಸಿಟ್ಟರೆ, ತಿರುಗಿ ಬಂದಾಗ ಎಲ್ಲಿಯವರೆಗೆ ಹಾಕಬೇಕೆಂದು ಗೊತ್ತಾಗುತ್ತದೆ.

ಉಸಿರಿನ ಬಗ್ಗೆ: ಎರಡು ಹೊಲಿಗೆ ಹಾಕುವಷ್ಟು ಹೊತ್ತು ಒಳಗೆ, ಮೂರು ಹೊಲಿಗೆಯಷ್ಟು ಹೊತ್ತು ಹೊರಗೆ. ಲೆಕ್ಕ ತಪ್ಪಿದರೆ ಬಿಟ್ಟುಬಿಡಿ, ಹೊಲಿಗೆಯ ಎಣಿಕೆ ಮುಖ್ಯ. ಹೊರಗೆ ಬಿಡುವ ಉಸಿರು ಉದ್ದವಾದಾಗ ಎದೆಬಡಿತ ತಾನಾಗಿ ನಿಧಾನವಾಗುತ್ತದೆ.

ಸಿಟ್ಟಿಗೆ: ಮಣ್ಣು

ಸಿಟ್ಟು ಬಂದವರ ಕೈಗೆ ಸೂಜಿ ಕೊಡುವುದು ಹಿಂಸೆ. ದಾರ ಗಂಟಾಗುತ್ತದೆ, ಸೂಜಿಯ ಕಣ್ಣಿಗೆ ದಾರ ಹೋಗುವುದಿಲ್ಲ, ಸಿಟ್ಟಿಗೆ ಇನ್ನೊಂದು ಕಾರಣ ಸಿಗುತ್ತದೆ. ಸಿಟ್ಟಿಗೆ ಎದುರು ತಳ್ಳುವ ವಸ್ತು ಬೇಕು, ಬಲ ಹಾಕಿದಷ್ಟೂ ತಾಳಿಕೊಳ್ಳುವ ವಸ್ತು. ಜೇಡಿಮಣ್ಣಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಸುಡುವ ಭಟ್ಟಿ ಇಲ್ಲದವರು ಗಾಳಿಗೆ ಒಣಗುವ ಮಣ್ಣನ್ನು ತಂದುಕೊಳ್ಳಬಹುದು, ದಪ್ಪಕ್ಕೆ ತಕ್ಕಂತೆ ಒಂದರಿಂದ ಮೂರು ದಿನದಲ್ಲಿ ಗಟ್ಟಿಯಾಗುತ್ತದೆ. ಅದು ನೀರು ಹಿಡಿದಿಡುವುದಿಲ್ಲ, ತಿನ್ನುವ ಪದಾರ್ಥ ಇಡಲೂ ಬಾರದು.

ಹಲಗೆಯ ಮೇಲೆ ಹಳೆಯ ಹತ್ತಿ ಬಟ್ಟೆ ಹಾಸಿ. ಎರಡು ಮುಷ್ಟಿಯಷ್ಟು ಮಣ್ಣು ತೆಗೆದುಕೊಂಡು ಅಂಗೈಯ ಬುಡದಿಂದ ಮುಂದಕ್ಕೆ ತಳ್ಳಿ, ಮಡಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ತಳ್ಳಿ. ನಿಂತು ಮಾಡಿ. ಕುಳಿತರೆ ಬಲವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ, ನಿಂತರೆ ಬೆನ್ನಿನಿಂದ, ಕಾಲಿನಿಂದ ಬರುತ್ತದೆ. ಬೇಕೆನಿಸಿದರೆ ಮಣ್ಣನ್ನು ಎತ್ತಿ ಹಲಗೆಯ ಮೇಲೆ ಅಪ್ಪಳಿಸಿ. ಕುಂಬಾರರೂ ಹಾಗೆ ಮಾಡುತ್ತಾರೆ, ಒಳಗಿನ ಗಾಳಿಗುಳ್ಳೆ ಹೊರಹೋಗುತ್ತವೆ. ಮನೆಯವರಿಗೆ ಮಾತ್ರ ಮೊದಲೇ ತಿಳಿಸಿಡಿ.

ಮಣ್ಣು ಹದಕ್ಕೆ ಬಂದಾಗ ಕಿವಿಯ ಹಾಲೆಯಷ್ಟು ಮೆದುವಾಗಿರುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ಸಿಟ್ಟಿನ ಮೊದಲ ಅಲೆ ಇಳಿದಿರುತ್ತದೆ. ಈಗ ಒಂದು ಮುಷ್ಟಿಯಷ್ಟನ್ನು ಉಂಡೆ ಮಾಡಿ, ಎಡ ಅಂಗೈಯಲ್ಲಿಟ್ಟು, ಬಲ ಹೆಬ್ಬೆರಳನ್ನು ನಡುವೆ ಊರಿ. ತಳದಲ್ಲಿ ಬೆರಳಿನ ದಪ್ಪಕ್ಕಿಂತ ತುಸು ಕಡಿಮೆ ಮಣ್ಣು ಉಳಿಯುವಂತೆ ನಿಲ್ಲಿಸಿ. ಹೆಬ್ಬೆರಳು ಒಳಗೆ, ಉಳಿದ ಬೆರಳು ಹೊರಗೆ ಇಟ್ಟು ಮೆಲ್ಲಗೆ ಒತ್ತಿ, ತುಸು ತಿರುಗಿಸಿ, ಮತ್ತೆ ಒತ್ತಿ. ತಳದಿಂದ ಮೇಲಕ್ಕೆ ಬನ್ನಿ. ಗೋಡೆ ಸುಮಾರು 6 ಮಿ.ಮೀ. ದಪ್ಪವಿದ್ದರೆ ಸಾಕು. ಅಂಚು ಬಿರುಕು ಬಿಟ್ಟರೆ ಒದ್ದೆ ಬೆರಳಿನಿಂದ ಒಮ್ಮೆ ಸವರಿ, ಕೈಯನ್ನು ನೀರಿನಲ್ಲಿ ಅದ್ದಿ ಅದ್ದಿ ಮಾಡಿದರೆ ಬಟ್ಟಲು ಕುಸಿಯುತ್ತದೆ.

ಕಣ್ಣು ಮುಚ್ಚಿ ಈ ಕೆಲಸ ಮಾಡಿ ನೋಡಿ. ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಹೆಬ್ಬೆರಳಿಗೆ ಕಣ್ಣಿಗಿಂತ ಚೆನ್ನಾಗಿ ತಿಳಿಯುತ್ತದೆ. ಮುಗಿದ ಬಟ್ಟಲನ್ನು ಉಳಿಸಿಕೊಳ್ಳಬೇಕೆಂಬ ನಿಯಮವಿಲ್ಲ. ಮತ್ತೆ ಉಂಡೆ ಮಾಡಿ, ಒದ್ದೆ ಬಟ್ಟೆ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಅದೇ ಮಣ್ಣು ಮುಂದಿನ ಸಿಟ್ಟಿಗೂ ಬರುತ್ತದೆ. ಸ್ವಚ್ಛ ಮಾಡುವಾಗ ಒಣ ಪುಡಿಯನ್ನು ಪೊರಕೆಯಿಂದ ಗುಡಿಸಬೇಡಿ. ಜೇಡಿಮಣ್ಣಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಿ.

ಮಣ್ಣು ಸಿಗದಿದ್ದರೆ ಹಳೆಯ ಪತ್ರಿಕೆ ಹರಿಯಿರಿ. ಪತ್ರಿಕೆಯ ಹಾಳೆ ಒಂದು ದಿಕ್ಕಿಗೆ ಉದ್ದಕ್ಕೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಅಂಕುಡೊಂಕಾಗುತ್ತದೆ. ನಾರುಗಳು ಆ ದಿಕ್ಕಿಗೆ ಮಲಗಿರುವುದೇ ಕಾರಣ. ನೇರ ಪಟ್ಟಿಗಳನ್ನು ಬುಟ್ಟಿ ಹೆಣೆಯಲು ಎತ್ತಿಡಿ, ಅಂಕುಡೊಂಕಾದವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಕಾಗದದ ಮುದ್ದೆ ಮಾಡಿ.

ದಣಿವಿಗೆ: ದಿನಕ್ಕೊಂದು ಸಾಲು

ದಣಿದವರಿಗೆ ಸಲಹೆ ಕೊಡುವವರು ಮರೆಯುವ ಸಂಗತಿಯೊಂದಿದೆ. ಬಣ್ಣ ಆರಿಸುವುದೂ ಕೆಲಸವೇ. ವಿನ್ಯಾಸ ಹುಡುಕುವುದೂ ಕೆಲಸವೇ. ಬೆಳಗಿನಿಂದ ನೂರು ತೀರ್ಮಾನ ಮಾಡಿ ಬಂದವರಿಗೆ ನೂರೊಂದನೆಯದನ್ನು ಒಡ್ಡಬಾರದು. ಆದ್ದರಿಂದ ದಣಿವಿಗೆ ಒಂದೇ ಬಟ್ಟೆ, ಒಂದೇ ಬಣ್ಣದ ದಾರ, ಒಂದೇ ಹೊಲಿಗೆ.

ಅಂಗೈ ಅಗಲದ ಹತ್ತಿ ಬಟ್ಟೆ ತೆಗೆದುಕೊಳ್ಳಿ. ಕಸೂತಿ ದಾರದಲ್ಲಿ ಸಾಮಾನ್ಯವಾಗಿ ಆರು ಎಳೆಗಳಿರುತ್ತವೆ, ಅದರಿಂದ ಎರಡನ್ನು ಬಿಡಿಸಿಕೊಳ್ಳಿ. ಉದ್ದ ಒಂದು ಮೊಳ ಸಾಕು, ಅದಕ್ಕಿಂತ ಉದ್ದವಾದರೆ ಸಿಕ್ಕಾಗುತ್ತದೆ, ಬಟ್ಟೆಯೊಳಗೆ ಹಾದು ಹಾದು ಸವೆಯುತ್ತದೆ. ಹೊಲಿಗೆ ಬರಿಯ ರನ್ನಿಂಗ್ ಹೊಲಿಗೆ: ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ. ದಿನಕ್ಕೆ ಒಂದು ಸಾಲು. ಸಾಲು ನೇರ ಬರಬೇಕೆಂದಿಲ್ಲ, ಮೊದಲ ಸಾಲು ಎತ್ತ ಬಾಗಿತೋ ಮುಂದಿನದು ಅದನ್ನೇ ಅನುಸರಿಸಲಿ. ಹಾಗೆ ಬಾಗಿದ ಸಾಲುಗಳೇ ಒತ್ತೊತ್ತಾಗಿ ಕೂಡಿದಾಗ ಬಟ್ಟೆ ಸಣ್ಣಗೆ ಸುಕ್ಕುಗಟ್ಟಿ, ಬೆರಳಾಡಿಸಿದರೆ ಏರಿಳಿತ ಸಿಗುತ್ತದೆ.

ಗುಟ್ಟು ಇರುವುದು ಹಿಂದಿನ ದಿನದ ತಯಾರಿಯಲ್ಲಿ. ಇಂದಿನ ಸಾಲು ಮುಗಿಸಿದ ಕೂಡಲೇ ನಾಳೆಗೆ ಸೂಜಿಗೆ ದಾರ ಪೋಣಿಸಿ, ಮೊದಲ ಹೊಲಿಗೆ ಹಾಕಿ, ಬಟ್ಟೆಗೇ ಚುಚ್ಚಿಡಿ. ನಾಳೆ ಸುಸ್ತಾಗಿ ಬಂದಾಗ ಆರಂಭಿಸಬೇಕಾಗಿರುವುದಿಲ್ಲ, ಮುಂದುವರಿಸಿದರೆ ಸಾಕು. ದಣಿದ ಮನುಷ್ಯನಿಗೆ ಈ ಎರಡರ ನಡುವಿನ ಅಂತರ ಬಹಳ ದೊಡ್ಡದು.

ಹಾಸಿಗೆ ಬಿಟ್ಟು ಏಳಲಾಗದವರಿಗೂ ಇದು ಸಾಧ್ಯ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಆಸ್ಪತ್ರೆಗಳಲ್ಲಿದ್ದ ಸೈನಿಕರಿಗೆ ಕಸೂತಿ ಕಲಿಸುತ್ತಿದ್ದರು. ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನಲ್ಲಿ ಅಂಥ 138 ಸೈನಿಕರು ಹೊಲಿದ, ಚರ್ಚಿನ ಪೂಜಾಪೀಠಕ್ಕೆ ಹಾಕುವ ಹೊದಿಕೆಯೊಂದಿದೆ. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ದಕ್ಷಿಣ ಆಫ್ರಿಕಾದವರು ಬೇರೆ ಬೇರೆ ಆಸ್ಪತ್ರೆಗಳಲ್ಲಿ ಒಂದೊಂದು ಭಾಗ ಹೊಲಿದು, ಆಮೇಲೆ ಎಲ್ಲವನ್ನೂ ಜೋಡಿಸಿದ್ದು. ಅವರಲ್ಲಿ ಯಾರೂ ಇಡೀ ಹೊದಿಕೆಯನ್ನು ಮುಗಿಸುವ ಭಾರ ಹೊತ್ತಿರಲಿಲ್ಲ, ತನ್ನ ಪಾಲಿನ ಹೂವೋ ಎಲೆಯೋ ಮುಗಿಸಿದರೆ ಸಾಕಿತ್ತು.

ದುಃಖಕ್ಕೆ: ಅವರ ಬಟ್ಟೆ

ಇಲ್ಲಿ ನಾನು ನಿಧಾನವಾಗಿ ಮಾತನಾಡುತ್ತೇನೆ, ನೀವೂ ನಿಧಾನವಾಗಿ ಓದಿ.

ಹೋದವರ ಬಟ್ಟೆಗಳನ್ನು ಏನು ಮಾಡುವುದೆಂದು ತಿಳಿಯದೆ ಬೀರುವಿನ ಬಾಗಿಲನ್ನೇ ತೆರೆಯದವರು ಇದ್ದಾರೆ. ಅವುಗಳಿಂದ ಹೊದಿಕೆ ಹೊಲಿಯಿರಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಒಳ್ಳೆಯ ಸಲಹೆಯೇ, ಆದರೆ ಅವಸರದ್ದು. ಮೊದಲ ತಿಂಗಳುಗಳಲ್ಲಿ ಕತ್ತರಿ ಬೇಡ. ಕತ್ತರಿಸಿದ್ದನ್ನು ಮತ್ತೆ ಕೂಡಿಸಲಾಗದು, ಆಗ ಮಾಡಿದ ತೀರ್ಮಾನಕ್ಕೆ ಆಮೇಲೆ ಮನಸ್ಸು ಕೊರಗುವುದನ್ನು ನೋಡಿದ್ದೇನೆ. ಮೊದಲು ರಿಪೇರಿ ಮಾಡಿ. ಸಡಿಲವಾದ ಗುಂಡಿ, ಬಿಚ್ಚಿಹೋದ ಅಂಚು, ಜೇಬಿನ ಮೂಲೆಯ ತೂತು. ಅವರು ಇದ್ದಿದ್ದರೆ ನೀವು ಮಾಡಿಕೊಡುತ್ತಿದ್ದ ಕೆಲಸ ಅದು.

ನನ್ನ ತರಗತಿಗೆ ಒಬ್ಬರು ತಂದೆಯ ಅಂಗಿ ತಂದಿದ್ದರು. ತಿಳಿ ನೀಲಿ, ಹತ್ತಿಯದು. ಕಾಲರ್ ಮಡಿಕೆ ಬೀಳುವ ಗೆರೆಯ ಉದ್ದಕ್ಕೂ ಸವೆದು, ಒಳಗಿನ ಬಿಳಿ ನಾರು ಕಾಣುತ್ತಿತ್ತು. ಕಾಲರ್ ತಿರುಗಿಸುವುದು ಎಂಬ ಹಳೆಯ ವಿಧಾನವಿದೆ. ಕಾಲರನ್ನು ಅದರ ಪಟ್ಟಿಯಿಂದ ಪೂರ್ತಿ ಬಿಚ್ಚಿ, ಒಳಮಗ್ಗುಲು ಹೊರಗೆ ಬರುವಂತೆ ಹೊರಳಿಸಿ, ಮತ್ತೆ ಅಲ್ಲೇ ಹೊಲಿಯುವುದು. ಹೊಲಿಗೆ ಬಿಚ್ಚುವ ಉಪಕರಣದ ಮೊನೆಯನ್ನು ಮೂರು ನಾಲ್ಕು ಹೊಲಿಗೆಗೊಂದರಂತೆ ತೂರಿಸಿ ಕತ್ತರಿಸುತ್ತಾ ಹೋದರೆ, ಇನ್ನೊಂದು ಬದಿಯ ದಾರ ಉದ್ದಕ್ಕೆ ಈಚೆ ಬರುತ್ತದೆ. ಅವರು ತಲೆ ಬಗ್ಗಿಸಿ ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದರು. ಕಾಲರ್ ಬೇರೆಯಾಗಿ ಪಟ್ಟಿ ಬಾಯಿ ಬಿಟ್ಟಾಗ, ಬಿಸಿಲು ಕಾಣದ ಆ ಒಳಭಾಗದಲ್ಲಿ ಬಟ್ಟೆಯ ಮೂಲ ಬಣ್ಣ ಹಾಗೆಯೇ ಇತ್ತು. ನಾವು ನೋಡುತ್ತಿದ್ದ ತಿಳಿ ನೀಲಿಗಿಂತ ಎಷ್ಟೋ ಗಾಢವಾದ ನೀಲಿ. ‘ಇದನ್ನು ಕೊಂಡಾಗ ನಾನು ಜೊತೆಗಿದ್ದೆ’ ಎಂದರು. ಅಂದಿನವರೆಗೆ ತಂದೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆಮೇಲೆ ಕಾಲರ್ ಹೊಲಿದು ಮುಗಿಸುವವರೆಗೂ ಮಾತನಾಡುತ್ತಲೇ ಇದ್ದರು, ಒಮ್ಮೆಯೂ ತಲೆ ಎತ್ತದೆ.

ಆ ತಲೆ ಎತ್ತದಿರುವುದು ಮುಖ್ಯ. ಎದುರಿಗೆ ಕುಳಿತು ಕಣ್ಣಲ್ಲಿ ಕಣ್ಣಿಟ್ಟು ‘ಹೇಗಿದ್ದೀರಿ’ ಎಂದು ಕೇಳಿದರೆ ದುಃಖದಲ್ಲಿರುವವರು ‘ಚೆನ್ನಾಗಿದ್ದೇನೆ’ ಎನ್ನುತ್ತಾರೆ. ಕಣ್ಣು ಕೈಯ ಮೇಲಿದ್ದಾಗ ಮಾತಿಗೆ ದಾರಿ ಸಿಗುತ್ತದೆ, ನಡುವೆ ಮೌನ ಬಂದರೂ ಅದನ್ನು ಯಾರೂ ತುಂಬಿಸಬೇಕಾಗಿಲ್ಲ.

ಕತ್ತರಿಸುವ ಹೊತ್ತು ಬಂದಾಗ ಎಲ್ಲಕ್ಕಿಂತ ಪ್ರಿಯವಾದ ಬಟ್ಟೆಯಿಂದ ಆರಂಭಿಸಬೇಡಿ. ಅಷ್ಟೇನೂ ನೆನಪು ಅಂಟಿಕೊಂಡಿರದ ಒಂದನ್ನು ಮೊದಲು ತೆಗೆದುಕೊಳ್ಳಿ. ಸಣ್ಣ ದಿಂಬಿನ ಹೊದಿಕೆ ಸಾಕು. ತುಂಡುಗಳನ್ನು ಅರ್ಧ ಅಂಗುಲ ಹೆಚ್ಚು ಬಿಟ್ಟು ಕತ್ತರಿಸಿ, ಹಳೆಯ ಬಟ್ಟೆ ಅಂಚಿನಲ್ಲಿ ಬೇಗ ಎಳೆ ಬಿಡುತ್ತದೆ. ತೀರ ಸವೆದಿದ್ದರೆ ಹಿಂದೆ ತೆಳುವಾದ ಹೊಸ ಹತ್ತಿ ಬಟ್ಟೆ ಕೊಟ್ಟು ಹೊಲಿಯಿರಿ. ಜೇಬು, ಗುಂಡಿಪಟ್ಟಿ, ಹೆಸರು ಬರೆದ ಪಟ್ಟಿ ಇದ್ದರೆ ಹಾಗೆಯೇ ಉಳಿಸಿ.

ದೊಡ್ಡ ದುಃಖಗಳನ್ನು ಜನ ಒಟ್ಟಾಗಿಯೂ ಹೊಲಿದಿದ್ದಾರೆ. 1973ರ ಸೇನಾ ದಂಗೆಯ ನಂತರ ಚಿಲಿ ದೇಶದಲ್ಲಿ ಕಾಣೆಯಾದವರ ತಾಯಂದಿರು, ಹೆಂಡತಿಯರು ಚಿಂದಿ ಬಟ್ಟೆಗಳನ್ನು ಗೋಣಿಯ ಮೇಲೆ ಹೊಲಿದು ತಮ್ಮ ಮನೆಗೆ ಏನಾಯಿತೆಂದು ಚಿತ್ರಿಸಿದರು. ಆರ್ಪಿಯೇರಾ ಎಂದು ಕರೆಯುವ ಆ ಹೊಲಿಗೆಚಿತ್ರಗಳಲ್ಲಿ ಕೆಲವಕ್ಕೆ ಕಾಣೆಯಾದವರ ಬಟ್ಟೆಯನ್ನೇ ಬಳಸಿದ್ದರು. 1987ರಲ್ಲಿ ಅಮೆರಿಕದಲ್ಲಿ ಆರಂಭವಾದ ಏಡ್ಸ್ ರೋಗದಿಂದ ತೀರಿಕೊಂಡವರ ಸ್ಮಾರಕ ಹೊದಿಕೆಯ ಒಂದೊಂದು ಫಲಕವೂ ಮೂರು ಅಡಿ ಅಗಲ, ಆರು ಅಡಿ ಉದ್ದ, ಸುಮಾರು ಒಂದು ಸಮಾಧಿಯ ಅಳತೆ. ಆ ವರ್ಷದ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಮೊದಲ ಬಾರಿ ಹಾಸಿದಾಗ 1,920 ಫಲಕಗಳಿದ್ದವು. ಒಂಟಿಯಾಗಿ ಹೊರಲಾಗದ್ದನ್ನು ಹತ್ತು ಜನರ ನಡುವೆ ಹಾಸಿಕೊಂಡು ಹೊಲಿಯುವುದರಲ್ಲಿ ಇರುವ ಬಲ ಅಂಥದ್ದು.

ಒಂಟಿಯಾಗಿಯೋ, ಗುಂಪಿನಲ್ಲೋ

ದಿನನಿತ್ಯದ ಕೆಲಸಗಳ ಮೂಲಕ ರೋಗಿಗಳನ್ನು ಚೇತರಿಸುವ ಚಿಕಿತ್ಸೆಗೆ (ಆಕ್ಯುಪೇಷನಲ್ ಥೆರಪಿ) ಮೀಸಲಾದ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ 2013ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಹಲವು ದೇಶಗಳ 3,545 ಹೆಣಿಗೆಗಾರರು ಉತ್ತರಿಸಿದ್ದರು. ಹೆಚ್ಚು ಬಾರಿ ಹೆಣೆಯುವವರು ಹೆಚ್ಚು ಶಾಂತರಾಗಿಯೂ ಸಂತೋಷವಾಗಿಯೂ ಇದ್ದೇವೆಂದು ಹೇಳಿದ್ದರು. ಗುಂಪಿನಲ್ಲಿ ಹೆಣೆಯುವುದರಿಂದ ಸಂತೋಷವೂ ಜನಸಂಪರ್ಕವೂ ಹೆಚ್ಚಿದ್ದು ಕಂಡುಬಂದಿತ್ತು. ಅವರೇ ಹೇಳಿಕೊಂಡದ್ದು ಇದು, ಅಳೆದದ್ದಲ್ಲ. ನನ್ನ ಸಲಹೆ: ಗಾಬರಿ ಮತ್ತು ಸಿಟ್ಟಿದ್ದಾಗ ಮೊದಲು ಒಂಟಿಯಾಗಿ ಮಾಡಿ, ದುಃಖದಲ್ಲಿ ಇನ್ನೊಬ್ಬರಾದರೂ ಜೊತೆಗಿರಲಿ.

ಮಾರಬೇಡಿ, ಸದ್ಯಕ್ಕೆ

ನೀವು ಮಾಡಿದ್ದನ್ನು ನೋಡಿದ ಯಾರೋ ಒಬ್ಬರು ‘ಇಷ್ಟು ಚೆನ್ನಾಗಿದೆ, ಮಾರಬಹುದಲ್ಲ’ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಒಪ್ಪಿಕೊಳ್ಳಬೇಡಿ. ಹರ್ಬರ್ಟ್ ಹಾಲ್ ಎಂಬ ವೈದ್ಯರು 1904ರಲ್ಲಿ ಅಮೆರಿಕದ ಮಾರ್ಬಲ್‌ಹೆಡ್‌ನಲ್ಲಿ, ನರಗಳು ದಣಿದ ರೋಗಿಗಳಿಗೆ ಬರಿಯ ವಿಶ್ರಾಂತಿಯ ಬದಲು ಕೈಕೆಲಸವನ್ನೇ ಚಿಕಿತ್ಸೆಯಾಗಿ ಕೊಡತೊಡಗಿದರು. ಕುಂಬಾರಿಕೆ ಅದರಲ್ಲೊಂದು. ಆ ಕುಂಬಾರಿಕೆ ಹೆಸರು ಮಾಡಿತು, ಕೆಲವೇ ವರ್ಷಗಳಲ್ಲಿ ಚಿಕಿತ್ಸೆಯಿಂದ ಬೇರ್ಪಟ್ಟು ನುರಿತ ಕುಶಲಿಗಳು ನಡೆಸುವ ಪ್ರತ್ಯೇಕ ಉದ್ಯಮವಾಯಿತು. ಅದರ ಮಡಕೆ, ಹೂದಾನಿಗಳನ್ನು ಇಂದಿಗೂ ಸಂಗ್ರಾಹಕರು ಹುಡುಕುತ್ತಾರೆ. ಈ ಕಥೆ ಓದಿದಾಗಲೆಲ್ಲ ನನಗೆ ಆ ರೋಗಿಗಳ ನೆನಪಾಗುತ್ತದೆ. ಗಡುವು, ಅಳತೆ, ಗಿರಾಕಿಯ ಅಭಿರುಚಿ ಒಳಗೆ ಬಂದ ಕ್ಷಣವೇ ನೀವು ಯಾವುದರಿಂದ ತಪ್ಪಿಸಿಕೊಂಡು ಬಂದಿದ್ದಿರೋ ಅದು ಕೈಕೆಲಸದೊಳಗೂ ಬಂದು ಕೂರುತ್ತದೆ.

ಫೋಟೊ ಹಾಕುವುದರ ಬಗ್ಗೆಯೂ ಇದೇ ಮಾತು. ಕೆಲಸ ನಡೆಯುವಾಗ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ವಿಡಿಯೊ ನೋಡಿ ಕಲಿಯುವವರು ಹೊಲಿಗೆಯನ್ನು ಕಲಿತ ಕೂಡಲೇ ಅದನ್ನು ಮುಚ್ಚಿ, ತಪ್ಪುತಪ್ಪಾಗಿಯಾದರೂ ನೆನಪಿನಿಂದ ಹಾಕಿ.

ಮೈ ಬಗ್ಗೆ, ವೈದ್ಯರ ಬಗ್ಗೆ

ಬಲಗೈಯವರಿಗೆ ಬೆಳಕು ಎಡಗಡೆಯಿಂದ ಬರಲಿ. ಕೆಲಸವನ್ನು ತೊಡೆಯ ಮೇಲಿಟ್ಟು ಬಾಗುವ ಬದಲು ದಿಂಬೊಂದನ್ನಿಟ್ಟು ಮೇಲಕ್ಕೆ ತಂದುಕೊಳ್ಳಿ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ದೂರದ ವಸ್ತುವನ್ನು ನೋಡಿ. ಹೆಬ್ಬೆರಳಿನ ಬುಡದಲ್ಲಿ ನೋವು ಕಂಡರೆ ಅಂದೇ ನಿಲ್ಲಿಸಿ, ಸಹಿಸಿಕೊಂಡು ಹೊಲಿದರೆ ವಾರಗಟ್ಟಲೆ ಕಾಡುತ್ತದೆ. ಕೈ ನಡುಗುವವರು ದಪ್ಪ ಹಿಡಿಕೆಯ ಕಡ್ಡಿ, ದಪ್ಪ ದಾರ ಬಳಸಲಿ.

ಕೈಕೆಲಸ ಔಷಧಿಗೆ ಬದಲಿಯಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಹಸಿವು ಕೆಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದ್ದರೆ ವೈದ್ಯರನ್ನು ಕಾಣಿ, ಹೊಲಿಗೆಯನ್ನು ಅದರ ಜೊತೆಗೆ ಮುಂದುವರಿಸಿ. ತನ್ನನ್ನು ತಾನು ಗಾಯಮಾಡಿಕೊಳ್ಳುವ ಯೋಚನೆ ಬರುವವರ ಹತ್ತಿರ ಸೂಜಿ, ಕತ್ತರಿ, ಬ್ಲೇಡು ಇರಬಾರದು. ಅವರಿಗೆ ಮಣ್ಣು, ಕಾಗದ ಸರಿ. ಬದುಕೇ ಬೇಡವೆನಿಸಿದರೆ ಇಂದೇ, ಈಗಲೇ ಹತ್ತಿರದವರೊಬ್ಬರಿಗೆ ಹೇಳಿ, ಅವರನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ.

ಇನ್ನೊಬ್ಬರಿಗೆ ಕೊಡುವುದಾದರೆ

ಇದನ್ನು ಓದುತ್ತಿರುವವರಲ್ಲಿ ಎಷ್ಟೋ ಜನ ತಮಗಾಗಿ ಓದುತ್ತಿಲ್ಲ, ಸಂಕಟದಲ್ಲಿರುವ ಗೆಳತಿಗೋ ಅಣ್ಣನಿಗೋ ಅಮ್ಮನಿಗೋ ಓದುತ್ತಿದ್ದಾರೆ ಎಂದು ನನಗೆ ಗೊತ್ತು. ಅವರಿಗೆ ಮೊಹರು ಒಡೆಯದ ಪೆಟ್ಟಿಗೆ ಕೊಡಬೇಡಿ. ಸರಪಳಿಯನ್ನೂ ಮೊದಲ ಮೂರು ಸಾಲನ್ನೂ ನೀವೇ ಹಾಕಿ, ಕಡ್ಡಿಯನ್ನು ಕುಣಿಕೆಯಲ್ಲೇ ಬಿಟ್ಟು, ಬಾಯಿ ಅಗಲವಾದ ಬಟ್ಟೆಯ ಚೀಲದಲ್ಲಿಟ್ಟು ಕೊಡಿ. ಆರಂಭದ ಸಾಲೇ ಎಲ್ಲಕ್ಕಿಂತ ಕಷ್ಟದ್ದು, ಅದನ್ನು ಅವರ ತಲೆಯ ಮೇಲಿಂದ ಇಳಿಸಿದಂತಾಗುತ್ತದೆ. ನಿಮ್ಮದೂ ಒಂದು ಉಂಡೆ ದಾರ ಒಯ್ಯಿರಿ. ಪಕ್ಕದಲ್ಲಿ ಕುಳಿತು, ಅವರ ಕೈ ನೋಡದೆ, ನಿಮ್ಮ ಸಾಲು ನೀವು ಹಾಕಿ. ಒಂದು ಸಾಲಾದರೂ ಹಾಕಿದರೇ ಎಂದು ಆಮೇಲೆ ಫೋನ್ ಮಾಡಿ ವಿಚಾರಿಸಬೇಡಿ, ಮತ್ತೆ ಯಾವಾಗ ಬರಲಿ ಎಂದಷ್ಟೇ ಕೇಳಿ.